ಅಮ್ಮ ಕಾಡಿನಿಂದ ಅಣಬೆ ತಂದಿದ್ದಾರೆ, ಸಾರು ಮಾಡಬಹುದಾ? (ಬಾರ್ಸೆಲೋನಾ)

ತುಂಗಾತೀರದವಳು

ಎಲ್ಲರಿಗೂ ನಮಸ್ಕಾರ. ಬಾರ್ಸೆಲೋನಾದಲ್ಲಿ ಇರುವವರು ಯಾರಾದರೂ ನೋಡಿದರೆ ದಯವಿಟ್ಟು ಇವತ್ತೇ ಉತ್ತರಿಸಿ.

ನಾವಿಲ್ಲಿಗೆ ಬಂದು ಎಂಟು ತಿಂಗಳಾಯಿತು. ಅಮ್ಮ ತೀರ್ಥಹಳ್ಳಿಯಿಂದ ಬಂದು ಮೂರು ವಾರ. ಐದನೇ ಮಹಡಿಯ ಮನೆ, ಅಂಗಳವಿಲ್ಲ, ಮಾತಿಗೆ ಅಕ್ಕಪಕ್ಕದವರಿಲ್ಲ. ಬಾಲ್ಕನಿಯಲ್ಲಿ ಕೂತು ಬೀದಿ ನೋಡಿ ನೋಡಿ ಸೊರಗಿಹೋಗಿದ್ದರು. ಕಳೆದ ವಾರ ಎರಡು ದಿನ ಒಳ್ಳೆ ಮಳೆ ಬಂತಲ್ಲ, ಅದಾದ ಮೇಲೆ ಇವತ್ತು ಪ್ಲಾಸಾ ಕತಲೂನ್ಯಾದಲ್ಲಿ ರೈಲು ಹತ್ತಿಸಿ, ವಾಲ್ವಿದ್ರೇರಾದಲ್ಲಿ ಇಳಿಸಿ ಕೊಲ್ಸೆರೋಲಾ ಕಾಡಿಗೆ ಕರೆದುಕೊಂಡು ಹೋದೆ. ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಿದ್ದದ್ದೇ ತಡ, ಮಂಡಿನೋವು ಅನ್ನುತ್ತಿದ್ದವರು ನನಗಿಂತ ಮುಂದೆ!

ಅಲ್ಲಿ ಸಣ್ಣ ಎಲೆಯ, ಕಪ್ಪು ಹಸಿರಿನ ಮರಗಳು ತುಂಬಾ ಇವೆ. ಅಂಥ ಒಂದು ಮರದ ಬುಡದಲ್ಲಿ ತರಗೆಲೆ ಸರಿಸಿ ಅಮ್ಮ ಏಳು ಅಣಬೆ ಕಿತ್ತರು. ಐದು ಮೊಟ್ಟೆಯ ಹಾಗೆ ಮುಚ್ಚಿಕೊಂಡಿವೆ, ಕೋಳಿಮೊಟ್ಟೆಗಿಂತ ಸ್ವಲ್ಪ ಚಿಕ್ಕವು. ಎರಡು ಮೇಲ್ಗಡೆ ಒಡೆದು ಈಗಷ್ಟೇ ತಲೆ ಎತ್ತಿವೆ. "ಬಣವೆ ಬುಡದಲ್ಲಿ ಏಳ್ತದಲ್ಲ, ನಮ್ಮ ಹುಲ್ಲಣಬೆ, ಅದೇ ಕಣೆ ಇದು, ಎಳೇದು" ಅಂತ ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ಈಗ ಅಡುಗೆಮನೆ ಕಟ್ಟೆಯ ಮೇಲಿದೆ. ಕಾಯಿ, ಕಾಳುಮೆಣಸು ಹುರಿದು ಸಾರು ಮಾಡುವ ತಯಾರಿ ನಡೆದಿದೆ.

ನಮ್ಮವರು ಬೇಡ ಅಂದರು. "ಬೆಳ್ಳುಳ್ಳಿ ಹಾಕಿ ಕುದಿಸಿದ್ರೆ ಗೊತ್ತಾಗ್ತದೆ, ವಿಷ ಇದ್ರೆ ಬೆಳ್ಳುಳ್ಳಿ ಕಪ್ಪಾಗ್ತದೆ. ಅರವತ್ತು ವರ್ಷದಿಂದ ತಿಂದಿದೀನಿ" ಅಂತ ಅಮ್ಮ ಮುಖ ಸಣ್ಣ ಮಾಡಿಕೊಂಡಿದ್ದಾರೆ. ಅವರ ಮನಸ್ಸು ನೋಯಿಸಲು ನನಗಿಷ್ಟವಿಲ್ಲ. ಆದರೆ ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ.

ಇನ್ನೊಂದು ವಿಷಯ. ದಾರಿ ಬದಿಯಲ್ಲಿ ಸಬ್ಬಸಿಗೆ ತರಹದ್ದು, ಗೋಣಿಸೊಪ್ಪು, ಕಣಗಿಲೆ ಎಲ್ಲ ಕಂಡವು. ಯಾವುದನ್ನು ಕೊಯ್ಯಬಹುದು, ಯಾವುದನ್ನು ಮುಟ್ಟಬಾರದು ಅಂತ ತಿಳಿದವರು ಹೇಳಿದರೆ ಮುಂದಿನ ಸಲಕ್ಕೂ ಅನುಕೂಲ.

ಬೆಟ್ಟದ_ದಾರಿ

ತಿನ್ನಬೇಡಿ. ಒಲೆಯ ಮೇಲಿಟ್ಟಿದ್ದರೆ ಇಳಿಸಿ. ಸೊಪ್ಪಿನ ಮಾತು ಆಮೇಲೆ ಬರೆಯುತ್ತೇನೆ, ಮೊದಲು ಇದನ್ನು ನೋಡಿ.

ಮೊದಲನೆಯದು, ಯಾರೂ ಒಂದು ಚೂರೂ ಬಾಯಿಗೆ ಹಾಕಿಲ್ಲ ತಾನೇ? ಎರಡನೆಯದು, ತಲೆ ಎತ್ತಿರುವ ಎರಡರಲ್ಲಿ ಒಂದನ್ನು ನೆತ್ತಿಯಿಂದ ಬುಡದ ತನಕ ಉದ್ದಕ್ಕೆ ಸೀಳಿ. ಮುಟ್ಟಿದರೆ ಏನೂ ಆಗುವುದಿಲ್ಲ, ಹೆದರಬೇಡಿ, ಆಮೇಲೆ ಕೈ ತೊಳೆದುಕೊಳ್ಳಿ. ಕೊಡೆಯ ಮೇಲ್ಸಿಪ್ಪೆಯ ಬಣ್ಣ ಯಾವುದು? ಕಾಂಡದ ಮೇಲ್ಭಾಗದಲ್ಲಿ ತೆಳ್ಳನೆ ಪೊರೆ ಬಳೆಯ ಹಾಗೆ ಇದೆಯಾ? ಬುಡದಲ್ಲಿ ಚೀಲ ಇದೆಯಾ? ಕೊಡೆಯಡಿಯ ಪದರಗಳ ಬಣ್ಣ ಕೇಳುವುದಿಲ್ಲ. ಎಳೆಯದರಲ್ಲಿ ಹುಲ್ಲಣಬೆಗೂ ಪದರ ಬಿಳಿಯೇ, ಬಲಿತ ಮೇಲಷ್ಟೇ ಗುಲಾಬಿಗೆ ತಿರುಗುವುದು. ಅದನ್ನು ನಂಬಿ ತೀರ್ಮಾನ ಮಾಡಬಾರದು.

ಅಮ್ಮನಿಗೆ ಇದೊಂದು ಮಾತು ಹೇಳಿ: ಹುಲ್ಲಣಬೆ ಏಳುವುದು ಕೊಳೆತ ಹುಲ್ಲಿನಲ್ಲಿ, ಸೆಕೆ ಇರುವಾಗ. ಇದು ಎದ್ದದ್ದು ಜೀವಂತ ಮರದ ಬೇರಿನ ಜೊತೆ, ನಾವೆಲ್ಲ ಸ್ವೆಟರ್ ಹಾಕಿಕೊಳ್ಳುವ ಚಳಿಯಲ್ಲಿ.

ತುಂಗಾತೀರದವಳು

ಯಾರೂ ತಿಂದಿಲ್ಲ. ಅಮ್ಮನೇ ಈಳಿಗೆ ಕೇಳಿದರು, ಇಲ್ಲಿ ಎಲ್ಲಿಂದ ತರಲಿ, ಚಾಕು ಕೊಟ್ಟೆ. ಮಣೆಯ ಮೇಲಿಟ್ಟು ಸೀಳಿದರು.

ಹೊರಗಿನ ಪೊರೆ ಬಿಳಿ. ಒಳಗಿನ ಕೊಡೆಯ ಸಿಪ್ಪೆ ತಿಳಿ ಹಸಿರು ಹಳದಿ, ನೆತ್ತಿಯಲ್ಲಿ ಸ್ವಲ್ಪ ಗಾಢ. "ಮಿಡಿಮಾವಿನ ಬಣ್ಣ" ಅಂದರು ಅಮ್ಮ. ರೇಷ್ಮೆಯ ಹಾಗೆ ಹೊಳೆಯುತ್ತದೆ. ಕಾಂಡಕ್ಕೆ ಪೊರೆ ಅಂಟಿಕೊಂಡಿದೆ, ಚಾಕುವಿನ ತುದಿಯಿಂದ ಎತ್ತಿದರೆ ಸಣ್ಣ ಲಂಗದ ಹಾಗೆ ಬಿಚ್ಚಿಕೊಂಡಿತು. ಬುಡದಲ್ಲಿ ಚೀಲವೂ ಇದೆ. ಅಮ್ಮ ಅದನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು. "ನಮ್ಮದಕ್ಕೆ ಲಂಗ ಇರೋದಿಲ್ಲ. ಹೊರಗಡೆನೂ ಬೂದಿ ಬಣ್ಣ ಇರ್ತದೆ, ಇಷ್ಟು ಬಿಳಿ ಇರೋದಿಲ್ಲ" ಅಂದರು. ಒಲೆ ಆರಿಸಿದ್ದು ಅವರೇ.

ಹುಬ್ಬಳ್ಳಿ_ಡಾಕ್ಟರ್

ಇದನ್ನ ಓದಿ ಎದಿ ಝಲ್ ಅಂತು ನೋಡ್ರಿ. ನಾ ಎಮರ್ಜೆನ್ಸಿ ವಿಭಾಗದಾಗ ಕೆಲಸ ಮಾಡಾಂವ, ಅದಕ್ಕ ಎರಡು ಮಾತು.

ನೀವು ಹೇಳಿದ ಲಕ್ಷಣ ಎಲ್ಲಾ ಅಮಾನಿಟಾ ಫಲ್ಲಾಯ್ಡಿಸ್ ಅನ್ನೋ ಅಣಬಿಗೆ ಹೊಂದತಾವು. ಯುರೋಪಿನಾಗ ಅಣಬಿ ತಿಂದು ಸಾಯೋವರೊಳಗ ಬಹಳಷ್ಟು ಮಂದಿ ಸಾಯೋದು ಇದರಿಂದನ. ಮಧ್ಯಮ ಗಾತ್ರದ್ದು ಒಂದ ಒಂದು ಸಾಕು, ದೊಡ್ಡವರ ಜೀವಾನೂ ಹೋಗಬಹುದು. ಕುದಿಸಿದರೂ, ಹುರಿದರೂ, ಒಣಗಿಸಿದರೂ ಅದರ ವಿಷ ಕೆಡಂಗಿಲ್ಲ. ಬೆಳ್ಳುಳ್ಳಿ, ಅರಿಶಿನ, ಬೆಳ್ಳಿ ನಾಣ್ಯ, ಈ ಯಾವ ಪರೀಕ್ಷೆನೂ ನಂಬಬ್ಯಾಡ್ರಿ. ಹುಳ ತಿಂದಾವು ಅಂದ್ರ ನಾವೂ ತಿನ್ನಬಹುದು ಅನ್ನೋದೂ ಸುಳ್ಳು. ಬಸವನಹುಳ ಅದನ್ನ ಆರಾಮ ಮೇಯತದ.

ಇದರ ಕೆಟ್ಟತನ ಎಲ್ಲಿ ಐತಿ ಅಂದ್ರ, ತಿಂದ ಕೂಡಲೇ ಏನೂ ಆಗಂಗಿಲ್ಲ. ಆರು ತಾಸಿನಿಂದ ಹನ್ನೆರಡು ತಾಸು, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಆರಾಮ ಇರತಾರ. ಆಮ್ಯಾಲ ವಾಂತಿ ಭೇದಿ ಶುರು. ಮರುದಿನ ಕಡಿಮಿ ಆದಂಗ ಕಾಣತದ, ಮನಿ ಮಂದಿ ದೇವರು ದೊಡ್ಡಾಂವ ಅಂತಾರ. ಅದ ಹೊತ್ತಿಗೆ ಒಳಗ ಲಿವರ್ ಕೆಟ್ಟುಕೋತ ಹೋಗಿರತದ. ಯಾರಾದರೂ ತಿಂದಿದ್ರ ಲಕ್ಷಣ ಬರೋ ತನಕಾ ಕಾಯಬಾರದು. ಅಲ್ಲಿ 112ಕ್ಕ ಫೋನ್ ಮಾಡಿ, ಉಳಿದ ಅಣಬಿ ಇಲ್ಲಾ ಅದರ ಸಿಪ್ಪಿನೂ ತಗೊಂಡು ಆಸ್ಪತ್ರೆಗೆ ಹೋಗಬೇಕು.

ಅಮ್ಮಾವರಿಗೆ ಬ್ಯಾಸರ ಆಗೋದು ಬ್ಯಾಡ. 2012ರ ಹೊಸ ವರ್ಷದ ಹೊತ್ತಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಾಗ ಇಬ್ಬರು ಸತ್ತರು. ಅಡಗಿ ಮಾಡಿದಾಂವ ಚೀನಾದ ಬಾಣಸಿಗ, ಹುಲ್ಲಿನ ಅಣಬಿ ಅಂತ ತಿಳಿದು ಇದನ್ನ ತಂದಿದ್ದ. ಏಷ್ಯಾದಿಂದ ಹೋದವರು ಹಿಂಗ ಮೋಸ ಹೋಗೋದು ಮತ್ತ ಮತ್ತ ಆಗೇತಿ. ತಿಳುವಳಿಕಿ ಇಲ್ಲದವರಲ್ಲ ಅವರು. ಊರಾಗ ಚೊಲೋ ಅಣಬಿ ಗುರುತು ಇದ್ದವರೇ.

ಬೆಟ್ಟದ_ದಾರಿ

ಡಾಕ್ಟರ್ ಸಾಹೇಬರಿಗೆ ವಂದನೆ. ಆ ಏಳನ್ನೂ ಒಂದು ಚೀಲದಲ್ಲಿ ಗಂಟು ಕಟ್ಟಿ ಕಸಕ್ಕೆ ಹಾಕಿ, ಮಣೆ ಚಾಕು ತೊಳೆದುಬಿಡಿ. ಆ ಸೀರೆ ಸೆರಗಿಗೇನೂ ಆಗಿಲ್ಲ.

ನಾನು ಸಾಗರದ ಕಡೆಯವನು, ಈ ಊರಿಗೆ ಬಂದು ಹದಿಮೂರು ವರ್ಷ. ಮನೆ ಬೆಟ್ಟದ ಬುಡದಲ್ಲೇ. ಕೆಳಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ, ಎಂಬತ್ತು ದಾಟಿದೆ. ಇಲ್ಲಿಯವರು ಅಣಬೆ ಹುಡುಕುವವರನ್ನು ಬೊಲೆತಾಯ್ರೆ ಅನ್ನುತ್ತಾರೆ, ಈ ಅಜ್ಜ ಅಪ್ಪಟ ಬೊಲೆತಾಯ್ರೆ. ನಾನು ಬಂದ ಹೊಸದರಲ್ಲಿ ನಿಮ್ಮ ಅಮ್ಮನ ಹಾಗೆಯೇ ಖುಷಿಯಲ್ಲಿ ಒಂದು ಬುಟ್ಟಿ ತುಂಬಿಸಿ ತಂದಿದ್ದೆ. ಅಜ್ಜ ಮೆಟ್ಟಿಲ ಮೇಲೆ ಕೂತು ಒಂದೊಂದನ್ನೇ ತೆಗೆದು ಪಕ್ಕಕ್ಕಿಟ್ಟರು. ಕೊನೆಗೆ ಬುಟ್ಟಿಯಲ್ಲಿ ಉಳಿದದ್ದು ಎರಡು. ಪಕ್ಕಕ್ಕಿಟ್ಟವುಗಳಲ್ಲಿ ಒಂದನ್ನು ಎತ್ತಿ ತೋರಿಸಿ "ಫರಿನೇರಾ ಬೋರ್ದಾ" ಅಂದರು. ನೀವು ತಂದದ್ದು ಅದೇ. ನಾನು ಅದನ್ನು ಕತ್ತರಿಸಿ ತಂದಿದ್ದರಿಂದ ಬುಡದ ಚೀಲ ಮಣ್ಣಿನಲ್ಲೇ ಉಳಿದಿತ್ತು. ಗುರುತು ಹಿಡಿಯಬೇಕಾದ ಅಂಗವನ್ನೇ ಕಾಡಿನಲ್ಲಿ ಬಿಟ್ಟುಬಂದೆಯಲ್ಲ ಎಂದು ಗದರಿದರು. ಅವತ್ತಿನಿಂದ ಗೊತ್ತಿಲ್ಲದ ಅಣಬೆ ಸಿಕ್ಕರೆ ಬುಡದ ಮಣ್ಣು ಸಮೇತ ಎತ್ತಿ ನೋಡುತ್ತೇನೆ.

ನೀವು ಹೇಳಿದ ಸಣ್ಣ ಎಲೆಯ ಮರದ ಹೆಸರು ಇಲ್ಲಿ ಅಲ್ಜಿನಾ, ಓಕ್ ಜಾತಿಯದು, ವರ್ಷವಿಡೀ ಹಸಿರು. ಫರಿನೇರಾ ಬೋರ್ದಾಕ್ಕೂ ಈ ಮರದ ಬೇರಿಗೂ ನಂಟು. ಅಲ್ಜಿನಾ ಬುಡದಲ್ಲಿ ಬಿಳಿ ಮೊಟ್ಟೆ ಕಂಡರೆ ಕೂತು ನೋಡಿ, ಫೋಟೋ ತೆಗೆಯಿರಿ, ಕೀಳಬೇಡಿ. ಅದೇ ತರಗೆಲೆಯಲ್ಲಿ ಇನ್ನೊಂದು ಮೊಟ್ಟೆ ಏಳುತ್ತದೆ, ಅದು ಒಡೆದರೆ ಕೆಂಪು ಬಲೆಯ ಚೆಂಡು ಹೊರಬರುತ್ತದೆ, ಹೆಣೆದ ಹಾಗೆ ತೂತು ತೂತು, ಕೊಳೆತ ಮಾಂಸದ ನಾತ. ಮಗುವಿಗೆ ದೂರದಿಂದ ತೋರಿಸಿ, ಮರೆಯುವುದಿಲ್ಲ.

ಅಮ್ಮನಿಗೆ ಅಣಬೆ ಸಾರು ಆಗಲೇಬೇಕೆಂದರೆ ದಾರಿ ಇದೆ. ಈಗ ರೊವೆಯೋ ಕಾಲ. ಪೈನ್ ಮರದಡಿ ಏಳುವ ಕಿತ್ತಳೆ ಬಣ್ಣದ ಅಣಬೆ, ನಡುವೆ ಕುಳಿ ಬಿದ್ದ ತಟ್ಟೆಯ ಆಕಾರ. ಬೊಕೆರಿಯಾ ಮಾರುಕಟ್ಟೆಗೆ ಹೋದರೆ ರಾಶಿ ಹಾಕಿರುತ್ತಾರೆ. ಒಂದನ್ನು ಮುರಿದರೆ ಗಜ್ಜರಿ ಬಣ್ಣದ ಹಾಲು ಬರುತ್ತದೆ, ಇನ್ನೊಂದು ಬಗೆಯಲ್ಲಿ ದ್ರಾಕ್ಷಾರಸದ ಕೆಂಪು. ಉಜ್ಜಿದ ಕಡೆ ಸ್ವಲ್ಪ ಹೊತ್ತಿಗೆ ಹಸಿರು ಕಲೆ, ಹಳೇ ತಾಮ್ರದ ಪಾತ್ರೆಯ ಕಿಲುಬಿನ ಹಾಗೆ. ಅದು ಹಾಳಾಗಿದ್ದಲ್ಲ, ಅದರ ಗುಣವೇ ಹಾಗೆ. ಹಾಲು ಬಿಳಿ ಇದ್ದರೆ ಅದು ರೊವೆಯೋ ಅಲ್ಲ, ಬಿಟ್ಟುಬಿಡಿ. ಇಲ್ಲಿಯವರು ಬೆಳ್ಳುಳ್ಳಿ, ಪಾರ್ಸ್ಲಿ, ಆಲಿವ್ ಎಣ್ಣೆ ಹಾಕಿ ಕಾವಲಿಯಲ್ಲಿ ಸುಡುತ್ತಾರೆ. ಮೊದಲ ವರ್ಷ ಪೇಟೆಯಲ್ಲೇ ಕೊಂಡು ಕಣ್ಣು ಪಳಗಿಸಿಕೊಳ್ಳಿ.

ಇನ್ನು ಸೊಪ್ಪು. ನಿಮ್ಮ ಅಮ್ಮ ಸಬ್ಬಸಿಗೆ ಅಂದದ್ದು ಬಹುಶಃ ಕಾಡು ಸೋಂಪು, ಇಲ್ಲಿ ಫೊನೋಯ್. ರಸ್ತೆ ಬದಿಯಲ್ಲಿ ಆಳೆತ್ತರ ಬೆಳೆಯುತ್ತದೆ. ಎಲೆ ದಾರದ ಹಾಗೆ, ಹಿಚುಕಿದರೆ ಊಟದ ನಂತರ ಜಗಿಯುವ ಸೋಂಪಿನದೇ ಪರಿಮಳ. ಆದರೆ ಇದರ ಪಕ್ಕದಲ್ಲೇ, ಹಳ್ಳ ತೋಡಿನ ತೇವದಲ್ಲಿ ಹೆಮ್ಲಾಕ್ ಬೆಳೆಯುತ್ತದೆ. ಕ್ರಿ.ಪೂ. 399ರಲ್ಲಿ ಸಾಕ್ರಟೀಸನಿಗೆ ಕುಡಿಸಿದ ವಿಷದ ಗಿಡ. ಅದೂ ಕೊಡೆಯಂಥ ಬಿಳಿ ಹೂಗೊಂಚಲು ಬಿಡುತ್ತದೆ, ಎಲೆ ನೋಡಿದರೆ ಗಜ್ಜರಿ, ಕೊತ್ತಂಬರಿ ನೆನಪಾಗುತ್ತದೆ. ಕಾಂಡದ ಮೇಲೆ ನೇರಳೆ ಮಚ್ಚೆ, ಹಿಚುಕಿದರೆ ಇಲಿ ಉಚ್ಚೆಯ ವಾಸನೆ. ಎಳೆಗಿಡದಲ್ಲಿ ಮಚ್ಚೆ ಎದ್ದು ಕಾಣದಿರಬಹುದು. ಅದಕ್ಕೇ ನನ್ನ ಮನೆಯ ನಿಯಮ ಒಂದೇ: ಕೊಡೆಹೂವಿನ ಜಾತಿಯಲ್ಲಿ ದಾರದೆಲೆ ಮತ್ತು ಸೋಂಪಿನ ಪರಿಮಳ ಎರಡೂ ಇದ್ದರೆ ಮಾತ್ರ ಕೈ ಹಾಕುವುದು.

ಗೋಣಿಸೊಪ್ಪು ನಮ್ಮ ಗೋಣಿಸೊಪ್ಪೇ, ಸಂಶಯ ಬೇಡ. ವೆರ್ದೊಲಾಗಾ ಅಂತ ಕರೆಯುತ್ತಾರೆ. ಆದರೆ ಬೀದಿ ಮರದ ಪಾತಿಯಲ್ಲಿ ಬೆಳೆದದ್ದು ಬೇಡ, ಪ್ರತಿ ಪಾತಿಗೂ ದಿನಕ್ಕೆ ಹತ್ತು ನಾಯಿ ಬರುತ್ತವೆ. ನಾನು ಬಾಲ್ಕನಿಯ ಕುಂಡಕ್ಕೆ ಒಂದು ಕಡ್ಡಿ ಊರಿದ್ದೆ, ಬೇಸಿಗೆ ಪೂರ್ತಿ ಬೇಳೆ ಹಾಕಿ ಪಲ್ಯ ಮಾಡಿದೆವು. ಅಮ್ಮನಿಗೂ ಅದೇ ಕೆಲಸ ಕೊಡಿ. ಕುಂಡದ ತಟ್ಟೆಯಲ್ಲಿ ಮಾತ್ರ ನೀರು ನಿಲ್ಲಿಸಬೇಡಿ. ಹಗಲಲ್ಲೇ ಕಚ್ಚುವ ಹುಲಿಸೊಳ್ಳೆ ಅಷ್ಟೇ ನೀರಿನಲ್ಲಿ ಮರಿ ಮಾಡುತ್ತದೆ. ಸ್ಪೇನಿನಲ್ಲಿ ಅದು ಮೊದಲು ಪತ್ತೆಯಾದದ್ದು ಈ ಬೆಟ್ಟದ ಆಚೆ ಬದಿಯ ಸಂತ್ ಕುಗಾತ್‌ನಲ್ಲಿ, 2004ರಲ್ಲಿ.

ಕಣಗಿಲೆ ನಮ್ಮ ದೇವರ ಹೂವೇ. ಹೆದ್ದಾರಿ ನಡುವೆ ಸಾಲಾಗಿ ನೆಟ್ಟಿದ್ದಾರೆ, ಹಳ್ಳಗಳಲ್ಲಿ ತಾನಾಗಿಯೂ ಬೆಳೆಯುತ್ತದೆ, ಇದು ಅದರ ಸ್ವಂತ ನೆಲ. ದೇವರಿಗೆ ಎರಡು ಹೂ ಏರಿಸಲಿ. ಗಿಡವೆಲ್ಲ ವಿಷ ಅನ್ನುವುದು ಅಮ್ಮನಿಗೆ ಗೊತ್ತಿರುತ್ತದೆ, ಮಗುವಿನ ಮೇಲೆ ಕಣ್ಣಿಟ್ಟರಾಯಿತು.

ನನಗೆ ಫರಿನೇರಾದ ನಂತರ ಹೆಚ್ಚು ಹೆದರಿಕೆ ಇರುವುದು ರೊಲ್ದೋರ್ ಎಂಬ ಪೊದೆಯ ಬಗ್ಗೆ. ಬೇಸಿಗೆಯಲ್ಲಿ ಹೊಳೆಯುವ ಕಪ್ಪು ಹಣ್ಣು ಬಿಡುತ್ತದೆ. ಅದೇ ಕಾಲಕ್ಕೆ ಪಕ್ಕದ ಮುಳ್ಳುಪೊದೆಯಲ್ಲಿ ಬ್ಲ್ಯಾಕ್‌ಬೆರಿಯೂ ಕಪ್ಪಾಗುತ್ತಾ ಬಂದಿರುತ್ತದೆ. ಮಕ್ಕಳಿಗೆ ಎರಡೂ ಒಂದೇ. ರೊಲ್ದೋರ್ ತಿಂದರೆ ಫಿಟ್ಸ್ ಬರುತ್ತದೆ. ನನ್ನ ಮಗಳಿಗೆ ಐದು ವರ್ಷವಿದ್ದಾಗ ಅವಳ ಬೆರಳು ಹಿಡಿದು ಎರಡೂ ಗಿಡ ಮುಟ್ಟಿಸಿದ್ದೆ. ಬ್ಲ್ಯಾಕ್‌ಬೆರಿಗೆ ಮುಳ್ಳಿದೆ, ಕೈ ಗೀರುತ್ತದೆ. ರೊಲ್ದೋರಿಗೆ ಮುಳ್ಳಿಲ್ಲ, ಎಲೆಗಳು ಎದುರುಬದುರು ಜೋಡಿ, ಒಂದೊಂದರಲ್ಲೂ ಉದ್ದಕ್ಕೆ ಮೂರು ನರ. "ಗೀರಿದರೆ ತಿನ್ನು, ಗೀರದಿದ್ದರೆ ನನ್ನನ್ನು ಕರಿ" ಅಂತ ಅವಳಿಗೆ ಬಾಯಿಪಾಠ ಮಾಡಿಸಿದ್ದೆ.

ಈ ತಿಂಗಳು ಅಮ್ಮನಿಗೆ ತೋರಿಸಲೇಬೇಕಾದದ್ದು ಅರ್ಬೋಸ್. ಒಂದೇ ಕೊಂಬೆಯಲ್ಲಿ ಬಿಳಿ ಗಂಟೆಹೂವೂ ಕೆಂಪು ಹಣ್ಣೂ ಒಟ್ಟಿಗೆ ಇರುತ್ತವೆ, ಕಾಯಿ ಹಣ್ಣಾಗಲು ಹೆಚ್ಚುಕಡಿಮೆ ವರ್ಷ ಹಿಡಿಯುವುದರಿಂದ ಹಳೇ ಫಸಲು, ಹೊಸ ಹೂವು ಜೊತೆಯಾಗುತ್ತವೆ. ಮೈ ತರಿತರಿ, ಒಳಗೆ ಹಳದಿ ತಿರುಳು, ಸಪ್ಪೆ ಸಿಹಿ. ತಿನ್ನಬಹುದು, ಚೆನ್ನಾಗಿ ಹಣ್ಣಾದ ಎರಡು ಮೂರು ಸಾಕು. ಮಾರ್ಚ್ ತನಕ ಇದ್ದಿದ್ದರೆ ಕಾಡು ಎಸ್ಪಾರೆಕ್ ಚಿಗುರೂ ಸಿಗುತ್ತಿತ್ತು. ನಮ್ಮ ಶತಾವರಿಯ ಕುಲ ಅದು, ಹಲವು ಮಕ್ಕಳ ತಾಯಿ ಬೇರು ಅನ್ನುತ್ತಾರಲ್ಲ, ಅದರ ದಾಯಾದಿ.

ಊರಿನ ಪರಿಚಯದವರೂ ಇಲ್ಲಿದ್ದಾರೆ ಅಂತ ಅಮ್ಮನಿಗೆ ಹೇಳಿ. ಉದ್ದ ಬಾಲದ, ಕೊರಳಿಗೆ ಗುಲಾಬಿ ಪಟ್ಟಿಯ ಗಿಳಿ ನಮ್ಮ ತೋಟದ್ದೇ ಜಾತಿ. ಎದೆ ಬೂದಿ ಬಣ್ಣದ್ದು ದಕ್ಷಿಣ ಅಮೆರಿಕದ್ದು, ಖರ್ಜೂರದ ಜಾತಿಯ ಮರಗಳ ಮೇಲೆ ಕಡ್ಡಿಗಳ ದೊಡ್ಡ ಗೂಡು ಕಟ್ಟುತ್ತದೆ, ಸಿಯುತಾದೆಯಾ ಪಾರ್ಕಿನಲ್ಲಿ ಬೇಕಾದಷ್ಟಿವೆ. ಬಂಡೆ ಸಂದಿಯ ಪಾಪಾಸುಕಳ್ಳಿಯ ಮೇಲೆ ಬಿಳಿ ಹತ್ತಿ ಮೆತ್ತಿದ ಹಾಗೆ ಕಂಡರೆ ಒಂದು ಚೂರು ಬೆರಳಲ್ಲಿ ಒರೆಸಿ ನೋಡಿ, ಕುಂಕುಮದ ಹಾಗೆ ಕೆಂಪಾಗುತ್ತದೆ. ಅದು ಕೊಚಿನಿಲ್ ಕೀಟ. ನಮ್ಮ ದೇಶದಲ್ಲಿ ಕಳ್ಳಿ ಹಬ್ಬಿದ್ದನ್ನು ಅಡಗಿಸಲು ಆ ಜಾತಿಯ ಕೀಟಗಳನ್ನೇ ಬಿಟ್ಟಿದ್ದರು.

ಸಂಜೆ ತಡವಾದರೆ ಕಾಡುಹಂದಿ ಮರಿಗಳ ಜೊತೆ ಸ್ಟೇಷನ್ ಹತ್ತಿರವೇ ಬರುತ್ತವೆ. ಬಾಳೆಹಣ್ಣು ಎಸೆಯಲು ಅಮ್ಮ ಹೊರಟರೆ ತಡೆಯಿರಿ. ತಿನ್ನಿಸಿ ತಿನ್ನಿಸಿಯೇ ಅವು ಬೀದಿಗಿಳಿದಿವೆ.

ಕಾರ್ಮೆಲ್_ಗುಡ್ಡ

ಬೆಟ್ಟದ ದಾರಿಯವರು ಒಂದನ್ನು ಬಿಟ್ಟಿದ್ದಾರೆ, ಅದನ್ನು ನಾನು ಹೇಳಲೇಬೇಕು. ಪೈನ್ ಮರದ ಕಂಬಳಿಹುಳು.

ಚಳಿಗಾಲದಲ್ಲಿ ಪೈನ್ ಕೊಂಬೆಯ ತುದಿಯಲ್ಲಿ ಬಿಳಿ ರೇಷ್ಮೆಯ ಗಂಟು ಕಾಣುತ್ತದೆ, ಹತ್ತಿಮಿಠಾಯಿ ಸಿಕ್ಕಿಸಿದ ಹಾಗೆ. ಜನವರಿ ಕಳೆದ ಮೇಲೆ ಹುಳುಗಳು ಮರದಿಂದ ಇಳಿದು ಮಣ್ಣಿಗೆ ಹೋಗುತ್ತವೆ, ಒಂದರ ಬಾಲಕ್ಕೆ ಇನ್ನೊಂದರ ತಲೆ ತಾಗಿಸಿ ಉದ್ದ ಸಾಲು. ನೋಡಲು ಚೆಂದ, ಮಕ್ಕಳು ಕಡ್ಡಿಯಲ್ಲಿ ಮುಟ್ಟಲು ಹೋಗುತ್ತಾರೆ. ಅವುಗಳ ಮೈಮೇಲಿನ ಸಣ್ಣ ರೋಮ ಗಾಳಿಯಲ್ಲೂ ಹಾರುತ್ತದೆ, ಚರ್ಮಕ್ಕೆ ತಗುಲಿದರೆ ದದ್ದು, ಕಣ್ಣಿಗೆ ಬಿದ್ದರೆ ಇನ್ನೂ ಕಷ್ಟ.

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ನಮ್ಮ ನಾಯಿ ಪಾರ್ಕಿನಲ್ಲಿ ಆ ಸಾಲನ್ನು ಮೂಸಿ ನೆಕ್ಕಿತು. ಐದು ನಿಮಿಷದಲ್ಲಿ ಜೊಲ್ಲು ಧಾರೆ, ನಾಲಿಗೆ ಬಾಯಲ್ಲಿ ಹಿಡಿಯದಷ್ಟು ಊದಿತು. ನಾನು ಬಟ್ಟೆಯಿಂದ ಉಜ್ಜಿ ಒರೆಸಿದೆ, ಅದೇ ತಪ್ಪಾಯಿತು. ಉಜ್ಜಿದರೆ ರೋಮ ಮುರಿದು ಇನ್ನಷ್ಟು ವಿಷ ಇಳಿಯುತ್ತದೆ. ಉಜ್ಜದೆ ನೀರು ಹರಿಸಿ ತೊಳೆದು ಕೂಡಲೇ ವೈದ್ಯರ ಬಳಿ ಓಡಬೇಕಿತ್ತು. ಬದುಕಿತು, ಆದರೆ ನಾಲಿಗೆಯ ತುದಿ ಕಪ್ಪಾಗಿ ಬೆರಳುಗುರಿನಷ್ಟು ಉದುರಿಹೋಯಿತು. ಈಗಲೂ ನೀರು ಕುಡಿಯುವಾಗ ಅರ್ಧ ಚೆಲ್ಲುತ್ತದೆ. ಖಾಲಿ ಗೂಡು ಕೆಳಗೆ ಬಿದ್ದಿದ್ದರೂ ಮುಟ್ಟಬೇಡಿ, ರೋಮ ಅದರಲ್ಲೂ ಇರುತ್ತದೆ.

ಅಮ್ಮನಿಗೆ ಚಂದ್ರಮುಕುಟ ಹಕ್ಕಿ ಗೊತ್ತಿರುತ್ತದಲ್ಲ. ಇಲ್ಲಿ ಅದರ ಹೆಸರು ಪುಪುತ್. ಮಣ್ಣಿಗೆ ಇಳಿದು ಕೋಶ ಕಟ್ಟಿಕೊಂಡ ಈ ಹುಳುಗಳನ್ನು ಉದ್ದ ಕೊಕ್ಕಿನಿಂದ ಬಗೆದು ತಿನ್ನುವುದು ಅದೇ. ಆ ಹಕ್ಕಿ ಕಂಡರೆ ನಾನು ನಿಂತು ಕೈಮುಗಿಯುತ್ತೇನೆ.

ತುಂಗಾತೀರದವಳು

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ನಿಮ್ಮ ಉತ್ತರಗಳನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಡಾಕ್ಟರ್ ಬರೆದ ಕೊನೆಯ ಮಾತನ್ನು ಎರಡು ಸಲ ಓದಿಸಿಕೊಂಡರು. ಚೀಲಕ್ಕೆ ಅವರೇ ಗಂಟು ಹಾಕಿದರು.

ಮರುದಿನ ಬೊಕೆರಿಯಾಕ್ಕೆ ಹೋಗಿ ಕಾಲು ಕಿಲೋ ರೊವೆಯೋ ತಂದೆವು. ಅಂಗಡಿಯಾಕೆಗೂ ಅಮ್ಮನಿಗೂ ಭಾಷೆ ಬರದಿದ್ದರೂ ಹತ್ತು ನಿಮಿಷ ಮಾತಾಯಿತು. ಆಕೆ ಒಂದನ್ನು ಮುರಿದು ಕಿತ್ತಳೆ ಹಾಲು ತೋರಿಸಿದರು, ಅಮ್ಮ ಅದನ್ನು ಬೆರಳಲ್ಲಿ ತೆಗೆದು ಮೂಸಿದರು. ಅರ್ಧ ಆಕೆ ಹೇಳಿದ ಹಾಗೆ ಕಾವಲಿಯಲ್ಲಿ, ಇನ್ನರ್ಧ ಕಾಯಿ ಮೆಣಸು ಹುರಿದು ಸಾರು. ಹುಲ್ಲಣಬೆಯಷ್ಟು ಮೆತ್ತಗಿಲ್ಲ, ಹಲ್ಲಿಗೆ ಕರುಂ ಅನ್ನುತ್ತದೆ, ಸ್ವಲ್ಪ ಪೈನ್ ವಾಸನೆ ಇದೆ ಅಂದರು. ಎರಡು ಸಲ ಬಡಿಸಿಕೊಂಡರು.

ಬೆಟ್ಟದ ದಾರಿ ಅಣ್ಣ, ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಾಲ್ವಿದ್ರೇರಾ ಸ್ಟೇಷನ್ನಿಗೆ ನೀವು ಬರಲು ಆಗುತ್ತದಾ? ಅಮ್ಮನಿಗೆ ಅರ್ಬೋಸ್ ನೋಡಬೇಕಂತೆ, ನಿಮ್ಮ ಕೆಳಮನೆ ಅಜ್ಜನನ್ನೂ ಮಾತಾಡಿಸಬೇಕಂತೆ. ಕಡುಬು ಮಾಡಿ ತರುತ್ತಾರಂತೆ. ಅಜ್ಜ ಕಾಳುಮೆಣಸಿನ ಖಾರ ತಡೆಯುತ್ತಾರಾ ಅಂತ ಮಾತ್ರ ಮುಂಚೆ ತಿಳಿಸಿ.